ವೈಟ್‌ಫೀಲ್ಡಿನಲ್ಲಿ ವೇಷದ ಜಾತ್ರೆ

ಶನಿವಾರದ ಬೆಳಿಗ್ಗೆ. ನೇರಳೆ ಮಾರ್ಗದ ಮೆಟ್ರೊ ರೈಲು ಕೃಷ್ಣರಾಜಪುರ ದಾಟಿ ವೈಟ್‌ಫೀಲ್ಡಿನ ಕಡೆಗೆ ಓಡುತ್ತಿದೆ. ವಾರದ ಬೇರೆ ದಿನಗಳಲ್ಲಿ ಈ ಬೋಗಿಗಳ ತುಂಬ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಎಂಜಿನಿಯರುಗಳು. ಇಂದು ಕಂಬ ಹಿಡಿದು ನಿಂತವನು ಕೆಂಪು, ನೀಲಿ ಬಟ್ಟೆಯ ಸ್ಪೈಡರ್‌ಮ್ಯಾನ್. ಪಕ್ಕದ ಸೀಟಿನಲ್ಲಿ ನೀಲಿ ಕೂದಲು ತೊಟ್ಟ, ಯಾವುದೋ ಜಪಾನಿ ಚಿತ್ರಕಥೆಯ ಹುಡುಗಿ. ಅವಳ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಖಡ್ಗ.

ಎದುರು ಕುಳಿತ ಅಜ್ಜಿಗೆ ಕುತೂಹಲ ತಡೆಯಲಾಗುವುದಿಲ್ಲ. "ಏನಮ್ಮ, ಸ್ಕೂಲಲ್ಲಿ ಫ್ಯಾನ್ಸಿ ಡ್ರೆಸ್ಸಾ?"

"ಇಲ್ಲ ಅಜ್ಜಿ, ಕಾಮಿಕ್ ಕಾನ್‌ಗೆ ಹೋಗ್ತಿದ್ದೀವಿ."

"ಕತ್ತಿ ನಿಜವಾದ್ದಾ?"

"ಅಯ್ಯೋ, ಬರೀ ಫೋಮು."

"ಮುಟ್ಟಿ ನೋಡ್ಲಾ?"

"ನೋಡಿ ಅಜ್ಜಿ."

ಕತ್ತಿ ನಿಜವೇ? ಮುಟ್ಟಬಹುದೇ? ಅಜ್ಜಿ ಸಹಜವಾಗಿ ಕೇಳಿದ ಈ ಎರಡು ಪ್ರಶ್ನೆಗಳಲ್ಲೇ, ಆ ಮಕ್ಕಳು ಹೊರಟಿರುವ ಜಾತ್ರೆಯ ನಿಯಮಾವಳಿಯ ಮುಕ್ಕಾಲು ಪಾಲು ಅಡಗಿದೆ. ಉಳಿದ ಕಾಲು ಪಾಲು ಆ ನಿಯಮಗಳನ್ನು ಕಾಯುವವರಿಗೆ ಸಂಬಂಧಿಸಿದ್ದು. ಮಕ್ಕಳನ್ನು ಇಂಥಲ್ಲಿಗೆ ಕಳುಹಿಸಬಹುದೇ ಬೇಡವೇ ಎಂದು ತೂಗಿ ನೋಡುವ ತಂದೆತಾಯಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಆ ಕಾಲು ಪಾಲನ್ನೇ.

ಒಕ್ಕಲುತನದ ಊರು

ಇಂದು ಗಾಜಿನ ಕಟ್ಟಡಗಳಿಂದ ತುಂಬಿರುವ ವೈಟ್‌ಫೀಲ್ಡ್ ಹುಟ್ಟಿದ್ದು ಕೃಷಿ ವಸಾಹತುವಾಗಿ. ಆಂಗ್ಲೊ ಇಂಡಿಯನ್ ಸಮುದಾಯದ ಮುಂದಾಳು ಡಿ.ಎಸ್. ವೈಟ್ ಅವರ ಸಂಘಕ್ಕೆ ಮೈಸೂರಿನ ಮಹಾರಾಜರಾಗಿದ್ದ ಚಾಮರಾಜೇಂದ್ರ ಒಡೆಯರು 1882ರಲ್ಲಿ ಸುಮಾರು 3,900 ಎಕರೆ ಭೂಮಿ ಕೊಟ್ಟರು. ತಮ್ಮದೆಂಬ ನೆಲದಲ್ಲಿ ಬೇಸಾಯ ಮಾಡಿ ಬದುಕಲೆಂದು ಬಂದ ಕುಟುಂಬಗಳಿಗಾಗಿ ಊರನ್ನು ವೃತ್ತಾಕಾರದಲ್ಲಿ ರೂಪಿಸಲಾಯಿತು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ರಸ್ತೆಗಳ ಹೆಸರಿನಲ್ಲಿ ಆ ವೃತ್ತಗಳು ಇಂದಿಗೂ ಉಳಿದಿವೆ. ನೂರು ವರ್ಷಕ್ಕೂ ಹೆಚ್ಚು ಕಾಲ ಸದ್ದಿಲ್ಲದೆ ಇದ್ದ ಈ ಊರಿನ ಚಹರೆ ಬದಲಾದದ್ದು 1990ರ ದಶಕದಲ್ಲಿ, ಭಾರತ ಮತ್ತು ಸಿಂಗಪುರ ಸಹಯೋಗದ ಐಟಿಪಿಎಲ್ ತಂತ್ರಜ್ಞಾನ ಪಾರ್ಕು ತಲೆಯೆತ್ತಿದಾಗ.

ಅಲ್ಲಿಂದ ಸ್ವಲ್ಪವೇ ದೂರದ ಕೈಗಾರಿಕಾ ಪ್ರದೇಶದಲ್ಲಿ ಕೆಟಿಪಿಒ ಎಂದೇ ಎಲ್ಲರೂ ಕರೆಯುವ ವಸ್ತುಪ್ರದರ್ಶನ ಕೇಂದ್ರವಿದೆ. ಯಂತ್ರಗಳ, ಉದ್ಯಮಗಳ ಪ್ರದರ್ಶನಗಳು ನಡೆಯುವ ಈ ವಿಶಾಲ ಸಭಾಂಗಣಕ್ಕೆ ವರ್ಷದಲ್ಲಿ ಒಂದು ವಾರಾಂತ್ಯ ಬೇರೆಯೇ ಬಣ್ಣ ಬರುತ್ತದೆ. ಚಿತ್ರಕಥೆ, ಆನಿಮೇಷನ್, ವಿಡಿಯೊ ಆಟಗಳ ಅಭಿಮಾನಿಗಳು ತಮ್ಮ ಮೆಚ್ಚಿನ ಪಾತ್ರಗಳ ವೇಷ ತೊಟ್ಟು ಸೇರುವ 'ಬೆಂಗಳೂರು ಕಾಮಿಕ್ ಕಾನ್' ಅದು. ಭಾರತದಲ್ಲಿ ಈ ಮೇಳ ಮೊದಲು ನಡೆದದ್ದು 2011ರ ಫೆಬ್ರುವರಿಯಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. 2012ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣಕ್ಕೆ ಬಂತು. ಮುಂದೆ ವೈಟ್‌ಫೀಲ್ಡಿಗೆ ಸ್ಥಳ ಬದಲಾಯಿಸಿತು. ಕೋವಿಡ್ ಕಾಲದ ಬಿಡುವಿನ ನಂತರ 2022ರ ನವೆಂಬರಿನಲ್ಲಿ ಮತ್ತೆ ಇಲ್ಲೇ ಸೇರಿತು.

ಚಿತ್ರಕಥೆಗೂ ಕನ್ನಡ ನಾಡಿಗೂ ಇರುವ ನಂಟು ಹೊಸದೇನಲ್ಲ. 1967ರಲ್ಲಿ ಅಮರ ಚಿತ್ರಕಥೆ ಮಾಲೆಯನ್ನು ಆರಂಭಿಸಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಇಂದು ಮಕ್ಕಳನ್ನು ಕರೆದುಕೊಂಡು ಬರುವ ಅನೇಕ ತಂದೆತಾಯಂದಿರು ಬಾಲಮಂಗಳದ ಡಿಂಗನ ಸಾಹಸಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದವರೇ.

ವೇಷ ಹೊಸದಲ್ಲ

ಪಾತ್ರದ ಉಡುಪು ತೊಟ್ಟು ಅಭಿಮಾನಿಗಳ ಸಮಾವೇಶಕ್ಕೆ ಹೋಗುವ ಪದ್ಧತಿಗೆ ಹೆಸರಾಂತ ಆರಂಭವೊಂದಿದೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮಾವೇಶಕ್ಕೆ ಫಾರೆಸ್ಟ್ ಅಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯಕಾಲದ ಮನುಷ್ಯರಂತೆ ಉಡುಪು ಧರಿಸಿ ಬಂದರು. ಉಡುಪು ಹೊಲಿದವರು ಮರ್ಟಲ್. 1980ರ ದಶಕದ ಮೊದಲರ್ಧದಲ್ಲಿ ಜಪಾನಿನ ನೊಬುಯುಕಿ ತಾಕಾಹಾಶಿ 'ಕಾಸ್ಟ್ಯೂಮ್', 'ಪ್ಲೇ' ಎಂಬ ಎರಡು ಪದಗಳನ್ನು ತುಂಡರಿಸಿ ಜೋಡಿಸಿ 'ಕೊಸುಪುರೆ' ಎಂದರು. ಅದೇ ಈಗಿನ ಕಾಸ್‌ಪ್ಲೇ.

ಹೆಸರು ಹೊಸದು, ಆಸೆ ಹಳೆಯದು. ಹಗಲುವೇಷದವರು ಮನೆಬಾಗಿಲಿಗೆ ರಾಮ, ರಾವಣರನ್ನು ತಂದು ನಿಲ್ಲಿಸಿದ ನಾಡು ಇದು. ಮಂಗಳೂರಿನ ದಸರೆಯಲ್ಲಿ ಇಂದಿಗೂ ಹುಲಿವೇಷಗಳು ಕುಣಿಯುತ್ತವೆ. ಯಕ್ಷಗಾನದ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು, ಸುಣ್ಣಗಳ ಚುಟ್ಟಿಯಿಟ್ಟು ರಾಕ್ಷಸನಾಗುವ ಕಲಾವಿದನಿಗೂ, ತಿಂಗಳುಗಟ್ಟಲೆ ಫೋಮು ಕತ್ತರಿಸಿ ರೋಬೊ ಆಗುವ ಪಿಯುಸಿ ಹುಡುಗನಿಗೂ ಆ ಮಟ್ಟಿಗೆ ನೆಂಟಸ್ತನವಿದೆ.

ಆದರೆ ವ್ಯತ್ಯಾಸವೂ ಇದೆ. ಚೌಕಿ, ರಂಗಸ್ಥಳ, ಪ್ರೇಕ್ಷಕ ಎಂಬ ಮೂರು ಗೆರೆಗಳು ಯಕ್ಷಗಾನದಲ್ಲಿ ಎಲ್ಲರಿಗೂ ಗೊತ್ತು. ರಂಗಸ್ಥಳಕ್ಕೆ ಹತ್ತಿ ಮಹಿಷಾಸುರನ ಕಿರೀಟ ಎಳೆದು ನೋಡುವವರಿಲ್ಲ. ಕಾಮಿಕ್ ಕಾನ್‌ನಲ್ಲಿ ಈ ಗೆರೆಗಳಿಲ್ಲ. ವೇಷಧಾರಿಯೂ ಪ್ರೇಕ್ಷಕನೂ ಒಂದೇ ಟಿಕೆಟ್ಟಿನವರು, ಒಂದೇ ಸಾಲಿನಲ್ಲಿ ನಿಂತು ದೋಸೆ ಕೊಳ್ಳುವವರು. ಗೆರೆ ಇಲ್ಲದ ಕಡೆ ನಿಯಮ ಬರೆದಿಡಬೇಕಾಗುತ್ತದೆ. ಜನ ಹೆಚ್ಚಿದಷ್ಟೂ ಆ ಅಗತ್ಯ ಹೆಚ್ಚು. ಅಮೆರಿಕದ ಸ್ಯಾನ್ ಡಿಯೇಗೊ ಕಾಮಿಕ್ ಕಾನ್‌ಗೆ 1970ರ ಆಗಸ್ಟಿನಲ್ಲಿ ಬಂದವರು ಸುಮಾರು 300 ಮಂದಿ. ಈಗ ಅಲ್ಲಿ ಸೇರುವವರು 1,30,000ಕ್ಕೂ ಹೆಚ್ಚು. ಮುನ್ನೂರು ಜನಕ್ಕೆ ಪರಿಚಯವೇ ಸಾಕು, ಲಕ್ಷ ಜನಕ್ಕೆ ಸಾಲದು.

ಮೊದಲ ಪ್ರಶ್ನೆ: ಕತ್ತಿ ನಿಜವೇ?

ಪ್ರವೇಶದ್ವಾರದಲ್ಲಿ ಚೀಲಗಳ ತಪಾಸಣೆಯ ಜೊತೆಗೆ ಆಯುಧಗಳ ತಪಾಸಣೆಯೂ ಇರುತ್ತದೆ. ಈ ಬಗೆಯ ಮೇಳಗಳಲ್ಲಿ ನಿಯಮ ಸಾಮಾನ್ಯವಾಗಿ ಒಂದೇ. ಅಸಲಿ ಆಯುಧ ಯಾವುದೂ ಕೂಡದು, ಹರಿತವಾದ ಲೋಹದ ಅಂಚು ಕೂಡದು, ಗುಂಡು ಅಥವಾ ಬಾಣ ಹಾರಿಸುವ ಸಾಧನ ಕೂಡದು, ಬೆಂಕಿ, ಹೊಗೆ ಕೂಡದು. ಫೋಮು, ರಟ್ಟು, ಥರ್ಮೋಕೋಲಿನಲ್ಲಿ ಮಾಡಿದ್ದಕ್ಕೆ ಅಡ್ಡಿಯಿಲ್ಲ. ಹಲವು ದೇಶಗಳಲ್ಲಿ ತಪಾಸಣೆಯಾದ ಆಟಿಕೆ ಖಡ್ಗವನ್ನು ಬಣ್ಣದ ಪ್ಲಾಸ್ಟಿಕ್ ಪಟ್ಟಿಯಿಂದ ಒರೆಗೇ ಬಿಗಿಯುತ್ತಾರೆ. ಪಟ್ಟಿ ಇದ್ದರೆ ಪರೀಕ್ಷೆಯಾಗಿದೆ ಎಂಬ ಗುರುತು, ಒರೆಯಿಂದ ಎಳೆಯುವುದಿಲ್ಲವೆಂಬ ಭರವಸೆಯೂ ಹೌದು.

ತಿಂಗಳುಗಟ್ಟಲೆ ಕುಳಿತು ಮಾಡಿದ ಖಡ್ಗವನ್ನು ಬಾಗಿಲಲ್ಲೇ ಬಿಟ್ಟು ಬರಬೇಕೆಂದರೆ ಹದಿನೇಳರ ಹುಡುಗನಿಗೆ ಸಿಟ್ಟು ಬರುವುದು ಸಹಜ. ಆದರೆ ಇಂಥ ನಿಯಮಗಳ ಹಿಂದೆ ಒಂದೊಂದು ಪ್ರಸಂಗವಿರುತ್ತದೆ. 2017ರ ಮೇ ತಿಂಗಳಲ್ಲಿ ಅಮೆರಿಕದ ಫೀನಿಕ್ಸ್ ನಗರದ ಇಂಥದೇ ಮೇಳಕ್ಕೆ ವೇಷಧಾರಿಯೊಬ್ಬ ಗುಂಡು ತುಂಬಿದ ಅಸಲಿ ಬಂದೂಕುಗಳೊಂದಿಗೆ ನುಗ್ಗಿದ್ದ. ಯಾರಿಗೂ ಪ್ರಾಣಾಪಾಯವಾಗುವ ಮೊದಲೇ ಪೊಲೀಸರು ಹಿಡಿದರು. ನೂರಾರು ಆಟಿಕೆ ಬಂದೂಕುಗಳ ನಡುವೆ ಅಸಲಿ ಯಾವುದೆಂದು ನೋಟಕ್ಕೆ ತಿಳಿಯುವುದೇ? ಉಳಿದ ದಿನಗಳಿಗೆ ಆಟಿಕೆ ಆಯುಧಗಳನ್ನೂ ಅಲ್ಲಿ ನಿಷೇಧಿಸಬೇಕಾಯಿತು.

ನಗೆ ತರಿಸುವ ಪ್ರಸಂಗವೂ ಉಂಟು. 1972ರಲ್ಲಿ ಲಾಸ್ ಏಂಜಲೀಸಿನ ಸಮಾವೇಶಕ್ಕೆ, ಮುಂದೆ ವ್ಯಂಗ್ಯಚಿತ್ರಕಾರರಾಗಿ ಹೆಸರಾದ ಸ್ಕಾಟ್ ಶಾ ಎಂಬ ತರುಣ ಮೈಗೆಲ್ಲ ಪೀನಟ್ ಬಟರ್ ಬಳಿದುಕೊಂಡು ಬಂದ. ಕಡಲೆಕಾಯಿ ಅರೆದು ಮಾಡುವ ಆ ಜಿಡ್ಡಿನ ಮುದ್ದೆ ವೇದಿಕೆಯ ದೀಪಗಳ ಕಾವಿಗೆ ಹಳಸಿ ನಾರತೊಡಗಿತು, ಕುರ್ಚಿಗಳಿಗೂ ಇತರರ ಉಡುಪುಗಳಿಗೂ ಮೆತ್ತಿಕೊಂಡಿತು. 'ವೇಷಕ್ಕೆ ಪೀನಟ್ ಬಟರ್ ನಿಷೇಧ' ಎಂಬ ವಿಚಿತ್ರ ನಿಯಮ ಬಂದದ್ದು ಹಾಗೆ. ಇತರರಿಗೆ ಅಂಟುವ, ಚುಚ್ಚುವ, ತಗುಲುವ ವೇಷ ಬೇಡವೆಂಬುದು ಅದರ ಸಾರ.

ಎರಡನೆಯ ಪ್ರಶ್ನೆ: ಮುಟ್ಟಬಹುದೇ?

ಈ ನಿಯಮ ಇನ್ನೂ ಮುಖ್ಯವಾದದ್ದು. ಸಭಾಂಗಣದ ಒಳಗೆ ಹೆಜ್ಜೆಗೊಬ್ಬರು ಮೊಬೈಲು ಹಿಡಿದು ನಿಂತಿರುತ್ತಾರೆ. ಒಳ್ಳೆಯ ವೇಷ ಕಂಡರೆ ಸುತ್ತ ಗುಂಪು. ಕೆಲವರು ಭುಜದ ಮೇಲೆ ಕೈ ಹಾಕುತ್ತಾರೆ, ರೆಕ್ಕೆ ಎಳೆಯುತ್ತಾರೆ, ಕೇಳದೆ ಹಿಂದಿನಿಂದ ಚಿತ್ರ ತೆಗೆಯುತ್ತಾರೆ. ಹುಡುಗಿಯರಿಗೆ ಈ ತೊಂದರೆ ಹೆಚ್ಚು. 2014ರಲ್ಲಿ ಯುವತಿಯರ ಗುಂಪೊಂದು ಸ್ಯಾನ್ ಡಿಯೇಗೊ ಮೇಳದ ವ್ಯವಸ್ಥಾಪಕರು ಕಿರುಕುಳದ ವಿರುದ್ಧ ಸ್ಪಷ್ಟ ನಿಯಮ ಪ್ರಕಟಿಸಬೇಕೆಂದು ಸಹಿ ಸಂಗ್ರಹಿಸಿತು. ಅದೇ ವರ್ಷ ನ್ಯೂಯಾರ್ಕ್ ಕಾಮಿಕ್ ಕಾನ್ ತನ್ನ ಆವರಣದಲ್ಲಿ ದೊಡ್ಡ ಫಲಕಗಳನ್ನು ನಿಲ್ಲಿಸಿತು. ವೇಷ ತೊಟ್ಟಿರುವುದೆಂದರೆ ಒಪ್ಪಿಗೆ ಕೊಟ್ಟಂತಲ್ಲ ಎಂಬುದು ಅದರ ಒಕ್ಕಣೆ. ಇಂದು ಜಗತ್ತಿನ ಅನೇಕ ಮೇಳಗಳಲ್ಲಿ ಈ ಮಾತು ನಿಯಮಾವಳಿಯ ಭಾಗ.

ಅದರ ಅರ್ಥ ಸರಳ. ಚಿತ್ರ ತೆಗೆಯುವ ಮೊದಲು ಕೇಳಬೇಕು. ಮುಟ್ಟುವ ಮೊದಲು ಕೇಳಬೇಕು. ಬೇಡವೆಂದರೆ ಕಾರಣ ಕೇಳದೆ ಸರಿಯಬೇಕು. ಊಟ ಮಾಡುತ್ತಿರುವ, ಉಡುಪು ಸರಿಪಡಿಸಿಕೊಳ್ಳುತ್ತಿರುವ, ದಣಿದು ಗೋಡೆಗೊರಗಿದ ವೇಷಧಾರಿಯನ್ನು ಕಾಡಬಾರದು. ಬಣ್ಣ, ಮೈಕಟ್ಟು, ಎತ್ತರಗಳ ಬಗ್ಗೆ ಲೇವಡಿ ಸಲ್ಲದು. ಕಪ್ಪು ಮೈಬಣ್ಣದ ಹುಡುಗಿ ಬಿಳಿಯ ರಾಜಕುಮಾರಿಯ ವೇಷ ಹಾಕಿದರೆ ತಪ್ಪೇನಿಲ್ಲ. ಹುಡುಗರು ಸ್ತ್ರೀವೇಷದಲ್ಲಿ ಮೆರೆದ ಯಕ್ಷಗಾನದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲ ಮೇಳದೊಳಗಿನ ಸಭ್ಯತೆಯ ಮಾತಷ್ಟೇ ಅಲ್ಲ. ಲೈಂಗಿಕ ಕಿರುಕುಳ, ಬೆನ್ನಟ್ಟಿ ಕಾಡುವುದು, ಖಾಸಗಿ ಕ್ಷಣಗಳನ್ನು ಕದ್ದು ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧಗಳು. ಹದಿನೆಂಟು ತುಂಬದವರ ಮೇಲೆ ನಡೆದ ಲೈಂಗಿಕ ಕಿರುಕುಳಕ್ಕೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಮುಖವಾಡದ ಮರೆಯಲ್ಲಿದ್ದರೂ ಕಾನೂನಿನ ಕಣ್ಣಿಗೆ ಮನುಷ್ಯ ಮನುಷ್ಯನೇ.

ಮೊದಲ ವೇಷ

ನಿಯಮಗಳನ್ನು ಬರೆಯುವುದು ಸುಲಭ. ಅವು ಉಳಿಯುವುದು, ಅಳಿಯುವುದು ಎಲ್ಲ ಸಿಬ್ಬಂದಿಯ ನಡತೆಯ ಮೇಲೆ. ಯಕ್ಷಗಾನದಲ್ಲಿ ಭಾಗವತರನ್ನು ಮೊದಲ ವೇಷವೆನ್ನುವುದುಂಟು. ಬಣ್ಣ ಹಚ್ಚದಿದ್ದರೂ ಆಟವನ್ನು ನಡೆಸುವವರು ಅವರೇ. ಮೇಳದ ಸಿಬ್ಬಂದಿಯ ಒಂದೇ ಬಣ್ಣದ ಅಂಗಿ, ಕೊರಳ ಚೀಟಿ ಕೂಡ ಅಂಥದೇ ಒಂದು ವೇಷ.

ಈ ಅಂಗಿ ತೊಡುವವರಲ್ಲಿ ಅನುಭವಿಗಳ ಜೊತೆಗೆ ಎರಡು ದಿನದ ಮಟ್ಟಿಗೆ ಕೆಲಸಕ್ಕೆ ಸೇರಿದ ಕಾಲೇಜು ವಿದ್ಯಾರ್ಥಿಗಳೂ ಇರುತ್ತಾರೆ. ಪಾಕೆಟ್ ಖರ್ಚಿಗೂ ಆಯಿತು, ಮೇಳವನ್ನೂ ನೋಡಿದಂತಾಯಿತು ಎಂದು ಬಂದವರು. ಕೆಲಸದ ಹೊತ್ತಿನಲ್ಲಿ ಮೇಳ ನೋಡುವಂತಿಲ್ಲ ಎಂಬುದೇ ಅವರು ಕಲಿಯುವ ಮೊದಲ ಪಾಠ. ಒಳ್ಳೆಯ ಮೇಳಗಳು ಸಿಬ್ಬಂದಿಯಿಂದ ಬಯಸುವುದು ಇಷ್ಟು: ಚೀಟಿ ತೋರಿಸಿ ಸರತಿ ಹಾರಬಾರದು. ಅತಿಥಿ ಕಲಾವಿದರ ಹಸ್ತಾಕ್ಷರಕ್ಕೆ ಮುಗಿಬೀಳಬಾರದು. ಗೆಳೆಯರನ್ನು ಹಿಂಬಾಗಿಲಿನಿಂದ ಬಿಡಬಾರದು. ಹುಡುಗಿಯರ ತಪಾಸಣೆ ಮಹಿಳಾ ಸಿಬ್ಬಂದಿಯೇ ಮಾಡಬೇಕು. ಉಡುಪಿನ ಯಾವ ಭಾಗವನ್ನಾದರೂ ಮುಟ್ಟಿ ನೋಡಬೇಕಾದರೆ ಕೇಳಿಯೇ ಮುಟ್ಟಬೇಕು. ಮಕ್ಕಳ ಫೋನ್ ಸಂಖ್ಯೆ ಪಡೆಯುವಂತಿಲ್ಲ. ತಪ್ಪಿಸಿಕೊಂಡ ಮಗು ಸಿಕ್ಕರೆ ಒಬ್ಬರೇ ಕರೆದೊಯ್ಯದೆ ಇಬ್ಬರು ಜೊತೆಗಿರಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ದೂರು ಬಂದಾಗಿನ ನಡತೆ. ಹದಿನಾರರ ಹುಡುಗಿಯೊಬ್ಬಳು ಅಳುತ್ತ ಬಂದು, ಆ ಮಳಿಗೆಯ ಬಳಿ ನಿಂತವನು ಹೀಗೆ ಮಾಡಿದ ಎಂದು ಹೇಳಿದಳೆನ್ನಿ. "ಇಂಥ ಡ್ರೆಸ್ ಯಾಕೆ ಹಾಕ್ಕೊಂಡ್ ಬಂದೆ?" ಎಂಬ ಒಂದೇ ಮಾತು ಸಾಕು, ಗೋಡೆಯ ಮೇಲಿನ ಫಲಕಗಳೆಲ್ಲ ಸುಳ್ಳಾಗಲು. ಅವಳನ್ನು ಗುಂಪಿನಿಂದ ಈಚೆ ಕರೆತಂದು ಕೂರಿಸಿ, ನೀರು ಕೊಟ್ಟು, ಹೇಳಿದ್ದನ್ನು ಅಡ್ಡಬಾಯಿ ಹಾಕದೆ ಕೇಳಿ, ಬರೆದುಕೊಂಡು, ಮೇಲಿನವರಿಗೆ ತಿಳಿಸುವುದು ಸರಿಯಾದ ದಾರಿ. ಇಬ್ಬರನ್ನೂ ಎದುರೆದುರು ನಿಲ್ಲಿಸಿ ರಾಜಿ ಮಾಡಿಸುವುದು ಸಿಬ್ಬಂದಿಯ ಕೆಲಸವಲ್ಲ. ಪೊಲೀಸರಿಗೆ ದೂರು ಕೊಡುವ ಮನಸ್ಸಿದ್ದರೆ ತಡೆಯುವ ಅಧಿಕಾರವೂ ಅವರಿಗಿಲ್ಲ.

ನಿಯಮವಿದ್ದೂ ಕಾಯುವವರು ಸಡಿಲಾದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ಅಮೆರಿಕದ ಬಾಸ್ಟನ್ ನಗರದ ಬಳಿ ನಡೆಯುವ ರೀಡರ್‌ಕಾನ್ ಎಂಬ ವಿಜ್ಞಾನಕಥಾ ಸಮಾವೇಶದ ನಿಯಮದಲ್ಲಿ ಕಿರುಕುಳ ಕೊಟ್ಟವರಿಗೆ ಆಜೀವ ನಿಷೇಧ ಎಂದು ಬರೆದಿತ್ತು. 2012ರಲ್ಲಿ ದೂರೊಂದು ಬಂದಾಗ, ಆರೋಪಿ ಆ ವಲಯದಲ್ಲಿ ಹೆಸರು ಮಾಡಿದ್ದ ವ್ಯಕ್ತಿ. ಮಂಡಳಿ ತನ್ನದೇ ನಿಯಮವನ್ನು ಬದಿಗಿಟ್ಟು ಎರಡು ವರ್ಷದ ನಿಷೇಧಕ್ಕೆ ಇಳಿಯಿತು. ಅಭಿಮಾನಿಗಳು ಸುಮ್ಮನಿರಲಿಲ್ಲ. ಕೆಲವೇ ವಾರಗಳಲ್ಲಿ ಇಡೀ ಮಂಡಳಿ ರಾಜೀನಾಮೆ ಕೊಟ್ಟಿತು, ಆಜೀವ ನಿಷೇಧವೇ ಜಾರಿಯಾಯಿತು. ಪರಿಚಿತರಿಗೊಂದು, ಅಪರಿಚಿತರಿಗೊಂದು ಎಂದಾದ ದಿನ ನಿಯಮಕ್ಕೆ ಬೆಲೆಯಿಲ್ಲ. ಶಾಲೆಗೂ ಈ ಮಾತು ಸಲ್ಲುತ್ತದೆ, ಮನೆಗೂ ಸಲ್ಲುತ್ತದೆ.

ಫೋಮು ಮತ್ತು ಬೆವರು

ವಿದ್ಯಾರ್ಥಿಗಳಿಗೆ ಇಲ್ಲಿ ವಿಜ್ಞಾನದ ಪಾಠವೂ ಇದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಮೈಯಿಂದ ಹೀರಿಕೊಳ್ಳುತ್ತದೆ. ದೇಹ ತಣ್ಣಗಿರುವುದು ಹೀಗೆ. ಕವಚಗಳಿಗೆ ಬಳಸುವ ಇವಿಎ ಫೋಮಿನಲ್ಲಿ ಗಾಳಿಯ ಗುಳ್ಳೆಗಳು ಮುಚ್ಚಿಕೊಂಡಿರುತ್ತವೆ. ಅದು ಹಗುರ, ಬಿಸಿ ಗಾಳಿಗೆ ಬಾಗುತ್ತದೆ, ಆದರೆ ಆವಿಯನ್ನು ಹೊರಬಿಡುವುದಿಲ್ಲ. ಬೆವರು ಸುರಿದರೂ ಆವಿಯಾಗದು, ಮೈ ತಣಿಯದು. ಹೊರಗೆ ನವೆಂಬರಿನ ತಂಪಿದ್ದರೂ ಕಿಕ್ಕಿರಿದ ಸಭಾಂಗಣದಲ್ಲಿ ತಲೆಸುತ್ತು ಬರಬಹುದು. ಅರ್ಧ ಗಂಟೆಗೊಮ್ಮೆ ಶಿರಸ್ತ್ರಾಣ ತೆಗೆಯುವುದು, ಬಾಯಾರುವ ಮೊದಲೇ ನೀರು ಕುಡಿಯುವುದು ಒಳ್ಳೆಯದು.

ಫೋಮು ಅಂಟಿಸುವ ಗೋಂದುಗಳಲ್ಲಿ ಹಲವಕ್ಕೆ ಟಾಲ್ವಿನ್‌ನಂಥ ದ್ರಾವಕ ಸೇರಿರುತ್ತದೆ. ಅದರ ಆವಿ ತಲೆಗೇರುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ, ಒಲೆಯ ಬಳಿ ಆ ಕೆಲಸ ಬೇಡ. ಮುಖದ ಬಣ್ಣವನ್ನು ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ತುರಿಕೆ ಬರುವುದೇ ಎಂದು ನೋಡಬೇಕು. ಬಣ್ಣದ ಕಾಂಟ್ಯಾಕ್ಟ್ ಲೆನ್ಸನ್ನು ಕಣ್ಣಿನ ವೈದ್ಯರನ್ನು ಕೇಳದೆ ಹಾಕಬಾರದು. ಗೆಳತಿಯದನ್ನು ಎರವಲು ಪಡೆಯುವುದಂತೂ ಕಣ್ಣಿಗೇ ಕುತ್ತು.

ಹೋಗುವವರಿಗೆ

2023ರ ಅಕ್ಟೋಬರಿನಿಂದ ಬೆಂಗಳೂರಿನ ಮಧ್ಯಭಾಗದಿಂದ ವೈಟ್‌ಫೀಲ್ಡಿಗೆ ಮೆಟ್ರೊ ನೇರವಾಗಿ ಓಡುತ್ತಿದೆ. ನಲ್ಲೂರಹಳ್ಳಿ ಅಥವಾ ಶ್ರೀ ಸತ್ಯಸಾಯಿ ಆಸ್ಪತ್ರೆ ನಿಲ್ದಾಣದಲ್ಲಿ ಇಳಿದರೆ ಕೆಟಿಪಿಒ ಹತ್ತಿರ. ನಿಲ್ದಾಣದ ತಪಾಸಣೆಯಲ್ಲಿ ತೊಡಕಾಗದಂತೆ ಆಟಿಕೆ ಆಯುಧಗಳನ್ನು ಬಿಡಿಬಿಡಿಯಾಗಿ ಚೀಲದಲ್ಲಿ ಒಯ್ಯುವುದು ಲೇಸು. ಆ ವರ್ಷದ ದಿನಾಂಕ, ಟಿಕೆಟ್, ನಿಯಮಗಳನ್ನು ಹೊರಡುವ ಮೊದಲೇ ಓದಿಕೊಳ್ಳಬೇಕು. ಮಕ್ಕಳ ಜೊತೆ ಕುಳಿತು ಓದಿದರೆ ಇನ್ನೂ ಒಳ್ಳೆಯದು.

ಒಳಗೆ ಹೋದೊಡನೆ ಸಹಾಯ ಕೇಂದ್ರ ಎಲ್ಲಿದೆ, ಸಿಬ್ಬಂದಿಯ ಅಂಗಿಯ ಬಣ್ಣ ಯಾವುದು ಎಂದು ಮಕ್ಕಳಿಗೆ ತೋರಿಸಿಡಿ. ಗುಂಪಿನಲ್ಲಿ ತಪ್ಪಿಸಿಕೊಂಡರೆ ಸೇರಬೇಕಾದ ಜಾಗವನ್ನು ಗೊತ್ತು ಮಾಡಿಕೊಳ್ಳಿ. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿಗೆ 1098 ಎಂಬ ಸಂಖ್ಯೆಗಳು ಬಾಯಿಪಾಠವಿರಲಿ. ಸಿಬ್ಬಂದಿಯ ಹುಡುಗನೊಬ್ಬ ಬಾಗಿಲಲ್ಲಿ ಮಗನ ಖಡ್ಗವನ್ನು ತಡೆದರೆ ಅವನೊಡನೆ ಜಗಳಕ್ಕೆ ಇಳಿಯಬೇಡಿ. ಅವನು ಕಾಯುತ್ತಿರುವುದು ನಿಮ್ಮ ಮಗನನ್ನೂ ಸೇರಿಸಿ ಒಳಗಿರುವ ಎಲ್ಲರನ್ನು. ಅವನೇ ನಿಯಮ ಮೀರಿದರೆ ಮಾತ್ರ ಅವನ ಮೇಲಿನವರನ್ನು ಹುಡುಕಿ, ಸುಮ್ಮನಿರಬೇಡಿ.

ಮೊದಲ ಸಲ ಹೋಗುವ ಮಕ್ಕಳ ಜೊತೆ ತಂದೆಯೋ ತಾಯಿಯೋ ಒಬ್ಬರು ಇದ್ದರೆ ಚೆನ್ನ. ಅವರು ವೇಷ ಹಾಕಲೇಬೇಕೆಂದಿಲ್ಲ. ಮಗಳು ಚಿತ್ರಕ್ಕೆ ನಿಂತಾಗ ಅವಳ ಚೀಲ ಹಿಡಿದುಕೊಂಡು, ಮಗ ದಣಿದಾಗ ಅವನ ಶಿರಸ್ತ್ರಾಣ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂರುವುದೂ ಆ ಜಾತ್ರೆಯಲ್ಲಿ ಒಂದು ಪಾತ್ರವೇ.